ಬಿಚ್ಚದ ಬುತ್ತಿ

ದೋಣಿಮಲೈ
20 ನವೆಂಬರ್ 2023

ಪ್ರೀತಿಯ ಹಂಪಮ್ಮ,

ಕ್ಷೇಮವಾಗಿ ತಲುಪಿದೆ. ಹೊಸಪೇಟೆಯಲ್ಲಿ ಕಂಪನಿ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಸಂಡೂರಿನ ತನಕ ಕೆಂಪು ಬಸ್ಸಿನಲ್ಲಿ ನಿಂತೇ ಬಂದೆ. ಸೀಟಿನಲ್ಲಿದ್ದ ಒಬ್ಬ ಅಜ್ಜಿ ನೀನು ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಇಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಯಾವೂರು ಎಂದು ಕೇಳಿದಳು. ನಿಮ್ಮೂರು ಕಡ್ಡಿರಾಂಪುರದ ಹೆಸರನ್ನೇ ಹೇಳಿಬಿಟ್ಟೆ. ನಗಬೇಡ, ಬಾಯಿಗೆ ಅದೇ ಬಂತು.

ಫೋನ್ ಇರುವಾಗ ಈ ಅಕ್ಕನಿಗೆ ಪತ್ರದ ಹುಚ್ಚು ಯಾಕೆ ಎಂದು ನಿನ್ನ ಯಜಮಾನರು ನಗುತ್ತಾರೆಂದು ಗೊತ್ತು. ಫೋನಿನಲ್ಲಿ ಊಟ ಆಯಿತಾ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಇಲ್ಲಿ ಕಚೇರಿಯಲ್ಲಿ ದಿನವಿಡೀ ಅದಿರಿನ ಲೆಕ್ಕದ ಹಾಳೆಗಳನ್ನು ಫೈಲಿಗೆ ಹಾಕಿ, ಸಂಜೆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಕೂತಾಗ ಯಾರಿಗಾದರೂ ಬರೆಯೋಣ ಅನಿಸಿದರೆ ನೆನಪಿಗೆ ಬರುವವಳು ನೀನೊಬ್ಬಳೇ.

ಒಂದು ತಮಾಷೆ ಹೇಳುವುದನ್ನೇ ಮರೆತೆ. ಭಾನುವಾರ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ. ಹುಲ್ಲಿನ ಟೋಪಿ, ಕಪ್ಪು ಕನ್ನಡಕದ ಒಬ್ಬ ಬಂದು ನನ್ನ ಫೋಟೊ ತೆಗೆದ. ತೆಗೆದು ತನ್ನ ಹೆಂಡತಿಗೆ ತೋರಿಸಿ, ಊರಿನ ಹೆಂಗಸು, ಮುಖದಲ್ಲಿ ಎಷ್ಟು ಶಾಂತಿ ನೋಡು ಅಂದ. ಅವನಿಗೆ ಕನ್ನಡದಲ್ಲೇ ಎರಡು ಬೈಯಬೇಕಿತ್ತು. ಬೈಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಬಸ್ಸಿನಲ್ಲಿ ನಿಂತ ಕಾಲು ನೋಯುತ್ತಿದ್ದರೂ ಆ ಖುಷಿ ಸಂಡೂರಿನ ತನಕ ಇತ್ತು.

ಈ ಜನ ಏನು ನೋಡಲು ಬರುತ್ತಾರೋ ದೇವರಿಗೇ ಗೊತ್ತು. ಕಲ್ಲಿನ ರಥದ ಮುಂದೆ ನಿಂತು ಬೆನ್ನು ಅದಕ್ಕೆ, ಮುಖ ಮೊಬೈಲಿಗೆ. ನಿನ್ನ ಪಡಸಾಲೆಯಲ್ಲಿ ದುಡ್ಡು ಕೊಟ್ಟು ಊಟಕ್ಕೆ ಕೂತಿದ್ದ ಪುಣೆಯ ಹುಡುಗಿ ನೆನಪಿದೆಯಲ್ಲ? ನಾನು ಟೂರಿಸ್ಟ್ ಅಲ್ಲ, ಟ್ರಾವೆಲರ್, ಇಲ್ಲಿ ಮೂರು ವಾರದಿಂದ ಇದ್ದೇನೆ ಎಂದು ನನಗೇ ಪಾಠ ಹೇಳಿದಳು. ಮೂರು ವಾರವಂತೆ. ನನ್ನದು ಆರು ವರ್ಷ. ನಾನು ಎದ್ದು ನಿನ್ನ ಅಡುಗೆಮನೆಗೆ ಬಂದು ರೊಟ್ಟಿ ಬಡಿಯಲು ಕೂತೆ. ಅವಳು ಬಾಗಿಲಿನಿಂದ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ನೋಡಲಿ.

ನೀನೂ ಒಮ್ಮೆ ಇಲ್ಲಿಗೆ ಬಾ ಹಂಪಮ್ಮ. ಎಷ್ಟು ಸಲ ಕರೆದರೂ ಸೀಸನ್ನು, ಊಟದವರು ಎನ್ನುತ್ತೀಯ. ಇದು ನಿನ್ನದೇ ಮನೆ. ಬರುವಾಗ ಹೇಳಿಕೇಳಿ ಬರುವ ಅಗತ್ಯವೂ ಇಲ್ಲ.

ನಿನ್ನ ಅತ್ತೆ ಪಕೀರಮ್ಮನವರ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ.

ನಿನ್ನ ಅಕ್ಕ,
ಸುಕನ್ಯಾ


ಕಡ್ಡಿರಾಂಪುರ
8 ಜನವರಿ 2024

ಸುಕನ್ಯಕ್ಕನವರಿಗೆ ನಿಮ್ಮ ತಂಗಿ ಹಂಪಮ್ಮನ ನಮಸ್ಕಾರ.

ನಿಮ್ಮ ಪತ್ರ ಬಂದು ಒಂದೂವರೆ ತಿಂಗಳಾಯಿತು. ಬೈಯಬೇಡಿ. ಹೊಸ ವರ್ಷದ ಗದ್ದಲದಲ್ಲಿ ಉಸಿರು ಬಿಡಲೂ ಪುರುಸೊತ್ತು ಇರಲಿಲ್ಲ. ಒಂದೊಂದು ದಿನ ಇಪ್ಪತ್ತು ಮಂದಿ ಊಟಕ್ಕೆ. ನಮ್ಮ ಮನೆಯವರು ಆಟೋದಲ್ಲಿ ಸ್ಟೇಷನ್ನಿನಿಂದ ತಂದು ಇಳಿಸುವುದೇ ಇಳಿಸುವುದು, ನಾನು ಬಡಿಯುವುದೇ ಬಡಿಯುವುದು. ಎಲ್ಲರಿಗೂ ಸೌದೆ ಒಲೆಯ ರೊಟ್ಟಿಯೇ ಆಗಬೇಕು. ಅಂಗಳದಲ್ಲಿ ಹೊಗೆ ತಿಂದು ನನ್ನ ಕಣ್ಣು ಕೆಂಡವಾಗಿವೆ. ಒಳಗೆ ಗ್ಯಾಸ್ ಒಲೆ ಇರುವುದನ್ನು ನೋಡಿದರೆ ಅವರ ಮುಖ ಸಪ್ಪಗಾಗುತ್ತದೆ. ಅದಕ್ಕೆ ಒಳಬಾಗಿಲಿಗೆ ಹಳೆ ಸೀರೆ ಇಳಿಬಿಟ್ಟಿರುತ್ತೇನೆ. ಆ ಸೀರೆ ಸರಿಸಿ ಒಳಗೆ ಬರುವ ಹೊರಗಿನವರು ನೀವೊಬ್ಬರೇ.

ನಿಮ್ಮ ಫೋಟೊದ ಕಥೆ ಓದಿ ಹೇಳಿದೆ. ಅತ್ತೆ ಬಿದ್ದು ಬಿದ್ದು ನಕ್ಕರು. ಮುಂದಿನ ಮನೆಯ ಹುಸೇನಮ್ಮ ಮಾತ್ರ ನಗಲಿಲ್ಲ. ಅವಳ ಬಾಯಿ ನಿಮಗೆ ಗೊತ್ತಲ್ಲ. ನಿಮ್ಮಕ್ಕ ನಮ್ಮೂರಿಗೆ ಇಷ್ಟು ಸಲ ಬಂದಾರ, ನೀ ಒಮ್ಮೆಯಾದರೂ ಅವರೂರಿಗೆ ಹೋಗೀಯೇನಲೇ ಎಂದು ಎಲ್ಲರೆದುರಿಗೆ ಕೇಳಿದಳು. ಅಲ್ಲಿ ನನಗೊಂದು ಮನೆ ಇದೆ, ಬೇಕೆಂದಾಗ ಹೋಗುತ್ತೇನೆ ಎಂದೆ. ತೋರ್ಸು ನೋಡೂಣು ಅಂದಳು. ಅಲ್ಲಿಗೆ ಮಾತು ಬೆಳೆಯಿತು.

ವಿಷಯ ಏನೆಂದರೆ, ನಮ್ಮ ಸಂಘದ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಎಲ್ಲಾದರೂ ಹೋಗೋಣ ಎನ್ನುತ್ತಲೇ ಇದ್ದಾರೆ, ಹೋಗಿದ್ದು ಇಲ್ಲ. ಲೋಕದ ಜನವೆಲ್ಲ ಬಂದು ನಮ್ಮೂರು ನೋಡುತ್ತಾರೆ. ನಾವು ಮಾಳಿಗೆ ಹತ್ತಿದರೆ ಕಾಣುವ ಸಂಡೂರಿನ ಗುಡ್ಡವನ್ನೇ ಹತ್ತಿರದಿಂದ ನೋಡಿಲ್ಲ. ಮಳೆಗಾಲದಲ್ಲಿ ಹಸಿರು ಕಣ್ಣಿಗೆ ಹಬ್ಬ ಎಂದು ನೀವೇ ಹೇಳಿದ್ದಿರಿ. ಆಗ ನಮಗೂ ಊಟದವರು ಕಡಿಮೆ. ಶ್ರಾವಣದಲ್ಲಿ ಒಂದು ಭಾನುವಾರ ಕ್ರೂಸರ್ ಗಾಡಿ ಮಾಡಿಕೊಂಡು ನಾರಿಹಳ್ಳದ ನೀರು ನೋಡಿ ನಿಮ್ಮ ಮನೆಗೆ ಊಟಕ್ಕೆ ಬರಲೇನು? ಹತ್ತು ಮಂದಿ ಆಗಬಹುದು.

ಅಡುಗೆ ಎಂದು ಗಾಬರಿಯಾಗಬೇಡಿ. ಅಕ್ಕತಂಗಿಯರ ಮನೆಗೆ ನಮ್ಮ ಓಣಿಯವರು ಬರಿಗೈಲಿ ಹೋಗುವುದಿಲ್ಲ. ರೊಟ್ಟಿ, ಪಲ್ಯ, ಚಟ್ನಿಪುಡಿ, ಹೋಳಿಗೆ ಎಲ್ಲದರ ಬುತ್ತಿ ನಾವೇ ಕಟ್ಟಿಕೊಂಡು ಬರುತ್ತೇವೆ. ನೀವು ಒಂದಿಷ್ಟು ಬಿಸಿ ಅನ್ನ, ಸಾರು ಮಾಡಿದರೆ ಆಯಿತು. ಆದರೆ ಬುತ್ತಿಯನ್ನು ಮನೆಯವಳೇ ಬಿಚ್ಚಿ, ತನ್ನ ಅನ್ನದ ಜೊತೆ ಕೂಡಿಸಿ ಬಡಿಸಬೇಕು. ಇಲ್ಲದಿದ್ದರೆ ಅದು ದಾರಿಯಲ್ಲಿ ಮರದ ಕೆಳಗೆ ತಿಂದ ಊಟವಾಗುತ್ತದೆಯೇ ಹೊರತು ಬಂಧುಗಳ ಮನೆಯ ಊಟವಾಗುವುದಿಲ್ಲ.

ಕಷ್ಟವಾದರೆ ಮುಲಾಜಿಲ್ಲದೆ ಹೇಳಿ. ನಾನು ಬೇಜಾರು ಮಾಡಿಕೊಳ್ಳುವವಳಲ್ಲ.

ನಿಮ್ಮ ತಂಗಿ,
ಹಂಪಮ್ಮ


ದೋಣಿಮಲೈ
2 ಜುಲೈ 2024

ಪ್ರೀತಿಯ ಹಂಪಮ್ಮ,

ನಿನ್ನ ಜನವರಿಯ ಪತ್ರಕ್ಕೆ ದಿನ ಗೊತ್ತು ಮಾಡಿ ಬರೆಯಲು ಮಳೆಗೇ ಕಾದಿದ್ದೆ, ಈಗ ಶುರುವಾಗಿದೆ. ಗುಡ್ಡದ ಕೆಂಪು ಮೈಗೆ ಹಸಿರು ಹತ್ತುತ್ತಿದೆ. ಮುಲಾಜು ಗಿಲಾಜು ಎಂದು ನನ್ನ ಹತ್ತಿರ ಮಾತಾಡಿದರೆ ಕಿವಿ ಹಿಂಡುತ್ತೇನೆ. ಆಗಸ್ಟ್ ಹನ್ನೊಂದು ಭಾನುವಾರ, ನನಗೂ ರಜೆ. ಅವತ್ತೇ ಬನ್ನಿ ಎಲ್ಲರೂ. ಟೌನ್‌ಶಿಪ್ಪಿನ ಗೇಟಿನ ಹತ್ತಿರ ಬಂದು ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಹುಸೇನಮ್ಮನಿಗೆ ಹೇಳು, ನಿನಗೊಂದು ಮನೆ ಇರುವುದನ್ನು ಅವಳ ಕೈ ಹಿಡಿದು ತೋರಿಸುವವಳು ನಾನು.

ಕಳೆದ ವಾರ ಹೊಸಪೇಟೆಗೆ ಬಂದವಳು ನಿನ್ನಲ್ಲಿಗೆ ಬರಲಾಗಲಿಲ್ಲ. ಇಲ್ಲಿನ ಮಹಿಳಾ ಕ್ಲಬ್ಬಿನವರ ಜೊತೆಗಿದ್ದೆ. ನಮ್ಮ ಸಾಹೇಬರ ಹೆಂಡತಿ ಹೇಮಾವತಿ ಮೇಡಂ ನನ್ನ ಬಾಯಲ್ಲಿ ಹಂಪಿಯ ಕಥೆ ಕೇಳಿ ಕೇಳಿ, ನಿಮ್ಮ ಹಂಪಮ್ಮನ ಮನೆಗೆ ನಮ್ಮನ್ನೂ ಕರೆದುಕೊಂಡು ಹೋಗಿ ಎಂದು ದುಂಬಾಲು ಬಿದ್ದಿದ್ದಾರೆ. ಅವರೆಲ್ಲ ಕಾರಿನಲ್ಲಿ ಬಂದು ಮೂಗು ಮುಚ್ಚಿಕೊಂಡು ಹೋಗುವ ಜನ. ನಾನು ಕರೆತರುವುದಿಲ್ಲ ಬಿಡು.

ಕಾಯುತ್ತಿರುವ,
ಸುಕನ್ಯಕ್ಕ


ಕಡ್ಡಿರಾಂಪುರ
19 ಆಗಸ್ಟ್ 2024

ಸುಕನ್ಯಾ ಮೇಡಂ ಅವರಿಗೆ,

ಎಂಟು ದಿನ ಸುಮ್ಮನಿದ್ದೆ. ನೀವೇ ಒಂದು ಫೋನಾದರೂ ಮಾಡುತ್ತೀರಿ ಎಂದುಕೊಂಡೆ. ಮಾಡಲಿಲ್ಲ. ನಾನು ಫೋನ್ ಮಾಡಿದರೆ ನೀವು ನಡುವೆ ಬಾಯಿ ಹಾಕಿ ಮಾತು ತಿರುಗಿಸುತ್ತೀರಿ, ನನಗೂ ಅಳು ಬಂದುಬಿಡುತ್ತದೆ. ಕಾಗದದ ಮೇಲಾದರೆ ಪೂರ್ತಿ ಹೇಳಬಹುದು. ಪೂರ್ತಿ ಓದಿ.

ಅವತ್ತು ನಾವು ಬೆಳಗಿನ ಆರಕ್ಕೆ ಹೊರಟೆವು. ಹತ್ತು ಮಂದಿ ಎಂದಿದ್ದೆ, ಹದಿಮೂರು ಆದೆವು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಎಲ್ಲರೂ ಪೆಟ್ಟಿಗೆಯೊಳಗಿನ ಸೀರೆ ಉಟ್ಟಿದ್ದರು. ಹುಸೇನಮ್ಮ ಹೊಸಪೇಟೆ ದಾಟಿದ ಕೂಡಲೇ ಹಾಡಲು ಶುರು ಮಾಡಿದವಳು ಸಂಡೂರು ಬರುವ ತನಕ ನಿಲ್ಲಿಸಲಿಲ್ಲ. ನಾರಿಹಳ್ಳದ ನೀರು ನೋಡಿದೆವು, ಕಾಲು ತೊಯ್ಸಿಕೊಂಡೆವು. ಬುತ್ತಿಯ ಗಂಟುಗಳನ್ನು ಒಬ್ಬಳೂ ಕೆಳಗೆ ಇಡಲಿಲ್ಲ, ಮಣ್ಣು ತಾಗುತ್ತದೆ ಎಂದು. ನಿಮಗೆಂದೇ ಶೇಂಗಾ ಹೋಳಿಗೆಯ ಒಂದು ಗಂಟು ಬೇರೆ ಇತ್ತು. ಅದು ನನ್ನ ಕಂಕುಳಲ್ಲಿತ್ತು.

ಹನ್ನೊಂದೂವರೆಗೆ ಗೇಟಿನ ಹತ್ತಿರ ಬಂದು ಫೋನ್ ಮಾಡಿದೆ. ಬಂದೆ ಅಂದಿರಿ. ನೀವು ನಡೆದು ಬರುವುದು ದೂರದಿಂದಲೇ ಕಂಡಿತು. ನಿಮ್ಮ ಜೊತೆ ಇನ್ನೊಬ್ಬರು ಇದ್ದರು, ಕಾಲಲ್ಲಿ ಬಿಳಿ ಬೂಟು, ಕೈಯಲ್ಲಿ ನೀರಿನ ಬಾಟಲಿ. ಅವರೇ ನೀವು ಬರೆದ ಹೇಮಾವತಿ ಮೇಡಂ ಇರಬೇಕು. ನಮ್ಮವರೆಲ್ಲ ಗಾಡಿಯಿಂದ ದಡದಡ ಇಳಿದರು. ನಾನು ಎಲ್ಲರಿಗಿಂತ ಮುಂದೆ ಬಂದೆ. ನಗುತ್ತಿದ್ದೆ.

ಆ ಮೇಡಂ ನಮ್ಮನ್ನೆಲ್ಲ ನೋಡಿ ಯಾರು ಇವರೆಲ್ಲ ಎಂದು ನಿಮ್ಮನ್ನು ಕೇಳಿದರು.

"ಹಂಪಿ ಕಡೆಯವರು. ಟೂರಿಸ್ಟ್‌ಗಳು," ಅಂದಿರಿ. "ಪಾರ್ಕಿಗೆ ದಾರಿ ಕೇಳ್ತಿದಾರೆ."

ನಾನು ನಾಲ್ಕು ಹೆಜ್ಜೆಯಷ್ಟು ದೂರದಲ್ಲಿದ್ದೆ. ಹುಸೇನಮ್ಮ ನನ್ನ ಪಕ್ಕದಲ್ಲೇ ಇದ್ದಳು. ನೀವು ನನ್ನ ಕಡೆ ತಿರುಗಿ, ಮುಖದ ಮೇಲೆ ಕಣ್ಣಿಡದೆ, ಸೀದಾ ಹೋಗಿ ಎಡಕ್ಕೆ ತಿರುಗಿ, ಅಲ್ಲಿ ಕುಡಿಯಲು ನಲ್ಲಿ ನೀರೂ ಇದೆ ಎಂದು ಹೇಳಿದಿರಿ. ಆ ಮೇಡಂ ನಮ್ಮ ಗಂಟುಗಳನ್ನು ನೋಡಿ, ಕಸ ಬಿಟ್ಟು ಹೋಗಬೇಡಿ ಎಂದು ನಕ್ಕರು. ಆಮೇಲೆ ಇಬ್ಬರೂ ತಿರುಗಿ ಹೋದಿರಿ.

ನಡೀಲೇ ಹಂಪಿ ಎಂದು ಹುಸೇನಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಪಾರ್ಕಿನಲ್ಲಿ ಬೇವಿನ ಮರದ ಕೆಳಗೆ ಕೂತೆವು. ನಿಂತಲ್ಲಿ ಕೂತಲ್ಲಿ ನನ್ನ ಕಾಲೆಳೆಯುವ ಹೆಣ್ಣುಮಕ್ಕಳು ತಲೆ ತಗ್ಗಿಸಿ ತಮ್ಮ ತಮ್ಮ ಬುತ್ತಿ ತಾವೇ ಬಿಚ್ಚಿ ಉಂಡರು. ನಾನು ನನ್ನ ಬುತ್ತಿ ಬಿಚ್ಚಲಿಲ್ಲ.

ಎರಡು ಗಂಟೆಯ ಮೇಲೆ ನೀವು ಒಬ್ಬರೇ ಬಂದಿರಿ. ಒಂದು ಚೀಲದಲ್ಲಿ ಬಾಳೆಹಣ್ಣು, ಬಿಸ್ಕತ್ತು. ತಲೆನೋವು ಎಂದಿರಿ. ಮುಂದಿನ ಸಲ ಮನೆಗೇ ಬನ್ನಿ ಎಂದಿರಿ. ಹುಸೇನಮ್ಮ ಹಣ್ಣು ಇಸಿದುಕೊಂಡು, ನಿಮ್ಮ ಮನಿ ಎಲ್ಲಿ ಬರ್ತೈತ್ರಿ ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ, ಸುಮ್ಮನೆ ಕೇಳಿದಳು. ನೀವು ಕೈ ಎತ್ತಿ ಆ ಕಡೆ ಅಂದಿರಿ. ಆ ಕಡೆ ನೂರು ಮನೆ ಇದ್ದವು.

ಹೋಳಿಗೆಯ ಗಂಟನ್ನು ನಾನು ನಿಮಗೆ ಕೊಡಲಿಲ್ಲ. ಕೊಡಬಾರದೆಂದಲ್ಲ, ಕೈ ಬರಲಿಲ್ಲ. ಸಂಡೂರಿನ ಬಸ್ ನಿಲ್ದಾಣದ ಹತ್ತಿರ ಹೂವು ಮಾರುತ್ತಿದ್ದ ಒಬ್ಬ ಮುದುಕಿಗೆ ಕೊಟ್ಟೆ. ಅವಳು ನನ್ನೆದುರೇ ಬಿಚ್ಚಿ, ಒಂದು ಮುರಿದು ಬಾಯಿಗೆ ಹಾಕಿಕೊಂಡಳು.

ನಮ್ಮ ಮನೆಗೆ ನೀವು ಮೊದಲ ಸಲ ಬಂದ ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದಿರಿ. ನಿಮ್ಮ ಯಜಮಾನರು ತೀರಿಕೊಂಡು ಎರಡು ತಿಂಗಳಾಗಿತ್ತು, ನಮಗೆ ಅದು ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಬೇರೆ ಊಟದವರೂ ಇದ್ದರು, ಇವರು ಯಾರು, ಯಾಕೆ ಅಳುತ್ತಿದ್ದಾರೆ ಎಂದು ಕೇಳಿದರು. ನಮ್ಮ ಮನೆಯವರು ಎಂದೆ ನಾನು. ಅವತ್ತು ನಿಮ್ಮ ಹೆಸರೂ ನನಗೆ ಗೊತ್ತಿರಲಿಲ್ಲ.

ಹಂಪಮ್ಮ


ದೋಣಿಮಲೈ
31 ಆಗಸ್ಟ್ 2024

ಹಂಪಮ್ಮ,

ನಿನ್ನ ಪತ್ರ ಓದಿದೆ. ಇಷ್ಟು ಕಠಿಣವಾಗಿ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಅವತ್ತು ನನಗೆ ನಿಜವಾಗಿಯೂ ಮೈ ಸರಿಯಿರಲಿಲ್ಲ. ಮೇಡಂ ದಾರಿಯಲ್ಲಿ ಸಿಕ್ಕರು, ಬಿಟ್ಟು ಬರುವಂತಿರಲಿಲ್ಲ. ನನ್ನ ಕೆಲಸ ಅವರ ಗಂಡನ ಕೈಕೆಳಗೆ. ನನ್ನದು ಎರಡು ಕೋಣೆಯ ಮನೆ, ಹದಿಮೂರು ಜನ ಎಲ್ಲಿ ಕೂರುತ್ತಿದ್ದಿರಿ? ನಿಮ್ಮ ಕೈಯಲ್ಲಿ ಊಟದ ಗಂಟುಗಳಿದ್ದವು. ಪಿಕ್ನಿಕ್ಕಿಗೆ ಬಂದವರ ಹಾಗೆ ಪಾರ್ಕಿನಲ್ಲಿ ಕೂತು ಉಂಡರೆ ನಿಮಗೇ ಆರಾಮ ಎಂದುಕೊಂಡೆ. ಬಾಯಿಗೆ ಬಂದ ಒಂದು ಮಾತನ್ನು ಇಷ್ಟು ದೊಡ್ಡದು ಮಾಡಬೇಕೆ? ಟೂರಿಸ್ಟ್ ಎಂದರೆ ಬೈಗುಳವೇ? ನೀವು ಅವತ್ತು ಊರು ನೋಡಲು ಬಂದವರು ತಾನೆ?

ನಾನೂ ಒಂದು ಹೇಳಿಬಿಡುತ್ತೇನೆ, ಇಷ್ಟು ದಿನ ನುಂಗಿಕೊಂಡಿದ್ದೆ. ನಮ್ಮ ಮನೆಯವರು ಎಂದು ನನಗೆ ಮಾತ್ರ ಹೇಳಿದವಳ ಹಾಗೆ ಬರೆದಿದ್ದೀಯ. ಹೋದ ವರ್ಷ ದೀಪಾವಳಿಯಲ್ಲಿ ನಿನ್ನ ಅಡುಗೆಮನೆಯಲ್ಲಿ ಕೂತು ನಾನು ಕಿವಿಯಾರೆ ಕೇಳಿದ್ದೇನೆ. ಹೈದರಾಬಾದಿನವರಿಗೆ ಅದೇ ಮಾತು. ಪುಣೆಯ ಹುಡುಗಿಗೆ ಅದೇ ಮಾತು. ನೀವು ನಮ್ಮ ಮನಿಯವರಿದ್ದಂಗ, ನಾಚ್ಕೋಬ್ಯಾಡ್ರಿ, ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ. ಆ ಹುಡುಗಿ ಅದನ್ನು ನಂಬಿ ಕಣ್ಣಲ್ಲಿ ನೀರು ತಂದುಕೊಂಡಳು. ಅವತ್ತು ನನಗೆ ಎಷ್ಟು ಚುಚ್ಚಿತು ಎಂದು ನಿನಗೆ ಗೊತ್ತಾ? ಆರು ವರ್ಷ ನಾನು ನಂಬಿದ್ದೂ ಅದೇ ಮಾತು ಆಗಿತ್ತು. ಮೋಸ ಹೋದವಳು ನೀನೊಬ್ಬಳೇ ಅಲ್ಲ.

ಸುಕನ್ಯಾ


ಕಡ್ಡಿರಾಂಪುರ
14 ಸೆಪ್ಟೆಂಬರ್ 2024

ಮೇಡಂ,

ಹೌದು, ಹೇಳುತ್ತೇನೆ. ಬಂದ ಎಲ್ಲರಿಗೂ ಹೇಳುತ್ತೇನೆ. ಮನೆ ಬಿಟ್ಟು ಅಷ್ಟು ದೂರದಿಂದ ಬಂದವರು, ನೆಲದ ಮೇಲೆ ಕೂರಲು ಬಾರದೆ ಒದ್ದಾಡುತ್ತಾ, ಖಾರ ತಿನ್ನಲಾರದೆ ಮೂಗು ಸೋರಿಸಿಕೊಳ್ಳುತ್ತಾ, ಒಂದು ರೊಟ್ಟಿ ಹೆಚ್ಚಿಗೆ ಕೇಳಲು ನಾಚಿಕೊಂಡು ಕೂತಿರುತ್ತಾರೆ. ಅವರಿಗೆ ಆ ಮಾತು ಹೇಳಬೇಕಾಗುತ್ತದೆ. ಅದು ನನ್ನ ಕೆಲಸ. ಹೇಳಿದ ಮೇಲೆ ಅವರು ಹೊಟ್ಟೆ ತುಂಬ ಉಣ್ಣುತ್ತಾರೆ. ಅದರಲ್ಲಿ ಮೋಸ ಏನು ಬಂತು?

ನೀವೇ ಕೂತು ನೆನಪು ಮಾಡಿಕೊಳ್ಳಿ. ನಿಮಗೆ ಆ ಮಾತನ್ನು ನಾನು ಕೊನೆಯ ಸಲ ಹೇಳಿದ್ದು ಯಾವಾಗ? ಮೊದಲ ಎರಡು ವರ್ಷ ಹೇಳಿದ್ದೇನೆ. ಆಮೇಲೆ ಒಂದು ದಿನವೂ ಹೇಳಿಲ್ಲ. ಮನೆಯವರಿಗೆ ಯಾರಾದರೂ ನೀವು ಮನೆಯವರಿದ್ದ ಹಾಗೆ ಎಂದು ಹೇಳುತ್ತಾರೇನು? ಬೈದಿದ್ದೇನೆ, ಜೋಳ ಕೇರಲು ಹಚ್ಚಿದ್ದೇನೆ, ತಂಗಳನ್ನ ಹಾಕಿದ್ದೇನೆ, ಗಂಡನ ಜೊತೆ ಜಗಳವಾದಾಗ ನಿಮ್ಮೆದುರೇ ಅತ್ತಿದ್ದೇನೆ. ಇದೆಲ್ಲ ಪುಣೆಯ ಹುಡುಗಿಗೆ ಮಾಡಿದೆನೇ?

ಪಿಕ್ನಿಕ್ಕು ಎಂದುಕೊಂಡೆ ಎಂದು ಬರೆದಿದ್ದೀರಿ. ಬುತ್ತಿ ಯಾಕೆ ತರುತ್ತೇವೆ, ಅದನ್ನು ಯಾರು ಬಿಚ್ಚಬೇಕು ಎಂದು ಜನವರಿಯಲ್ಲೇ ಬರೆದು ಕಳಿಸಿದ್ದೆ. ನನ್ನ ಪತ್ರಗಳನ್ನೆಲ್ಲ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದೇನೆ ಎನ್ನುತ್ತಿದ್ದಿರಿ. ತೆಗೆದು ಓದಿ.

ಕೂರಲು ಜಾಗ ಇರಲಿಲ್ಲ ಎಂದಿದ್ದರೆ ನಿಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಉಂಡು, ಒಂದು ಲೋಟ ನೀರು ಕುಡಿದು, ಸಂತೋಷದಿಂದ ಬರುತ್ತಿದ್ದೆವು. ಟೂರಿಸ್ಟ್ ಬೈಗುಳವಲ್ಲ ಎಂದು ನನಗೂ ಗೊತ್ತು, ಅವರಿಂದಲೇ ನನ್ನ ಒಲೆ ಉರಿಯುತ್ತದೆ. ಅದನ್ನು ಆರು ವರ್ಷ ಬೈಗುಳದ ಹಾಗೆ ಆಡಿದವರು ನೀವು. ಇನ್ನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಹಂಪಮ್ಮ


ದೋಣಿಮಲೈ
27 ಜನವರಿ 2025

ಹಂಪಮ್ಮ,

ಬರೆಯಬೇಡ ಎಂದು ನೀನು ಹೇಳಿದ್ದೆ. ನಾಲ್ಕು ತಿಂಗಳು ತಡೆದೆ. ಈ ಪತ್ರ ಓದದೆ ಒಲೆಗೆ ಹಾಕಿದರೂ ನಿನ್ನನ್ನು ದೂರುವುದಿಲ್ಲ.

ಹಿಂದಿನ ಪತ್ರದಲ್ಲಿ ಬರೆದ ನೆಪಗಳೆಲ್ಲ ಸುಳ್ಳು. ತಲೆನೋವು ಇರಲಿಲ್ಲ. ಜಾಗದ ಮಾತೂ ಸುಳ್ಳು. ಅವತ್ತು ಬೆಳಗಿನ ಐದಕ್ಕೆ ಎದ್ದು ಅನ್ನ, ಸಾರು ಮಾಡಿದ್ದೆ. ಪಕ್ಕದ ಮನೆಯಿಂದ ಚಾಪೆ ತಂದು ಹಾಸಿದ್ದೆ. ನಿನ್ನ ಫೋನ್ ಬಂದಾಗ ಚಪ್ಪಲಿ ಮೆಟ್ಟಿಕೊಂಡು ಓಡಿಬಂದೆ. ಮೋಡ ಕವಿದಿದೆ ಎಂದು ತಡವಾಗಿ ವಾಕಿಂಗ್ ಹೊರಟಿದ್ದ ಮೇಡಂ ದಾರಿಯಲ್ಲಿ ಜೊತೆಯಾದರು.

ಅವರ ಮುಂದೆ ನಾನು ನಿನ್ನ ಕಥೆಗಳನ್ನು ವರ್ಷಗಟ್ಟಲೆ ಹೇಳಿದ್ದೆ. ಹಂಪಿಗೆ ಎಲ್ಲರೂ ಹೋಗುತ್ತಾರೆ, ಆದರೆ ಒಂದು ಮನೆಯ ಒಳಗೆ ಹೋಗಿ ಕೂರುವುದು ನನಗೊಬ್ಬಳಿಗೇ ಗೊತ್ತು ಎಂದು ಮೆರೆದಿದ್ದೆ. ನೀನು, ನಿನ್ನ ಒಲೆ, ನಿನ್ನ ಹೊಗೆ, ಎಲ್ಲ ನನ್ನ ಕಥೆಯಲ್ಲಿ ಚೆಂದವಾಗಿದ್ದವು. ಗೇಟಿನಲ್ಲಿ ಕ್ರೂಸರಿನಿಂದ ನೀವು ಇಳಿದಾಗ ಮೇಡಂ ಮೂಗಿಗೆ ಸೆರಗು ಹಿಡಿಯಲಿಲ್ಲ, ಏನೂ ಮಾಡಲಿಲ್ಲ. ಬರೀ ಯಾರು ಎಂದು ಕೇಳಿದರು. ಅಷ್ಟಕ್ಕೇ ನಾನು ಹೆದರಿದೆ. ನಿನ್ನ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವುದು ನನಗೆ ಹೆಮ್ಮೆ. ನನ್ನ ಮನೆಯಲ್ಲಿ ನೀವು ನೆಲದ ಮೇಲೆ ಕೂತಿರುವುದನ್ನು ಕಾಲೋನಿಯವರು ನೋಡುವುದು ನಾಚಿಕೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಸಂಜೆ ಅನ್ನವನ್ನೆಲ್ಲ ಚೆಲ್ಲಿದೆ.

ಸಂಕ್ರಾಂತಿಗೆ ಹೊಸಪೇಟೆಗೆ ಬಂದಿದ್ದೆ. ಹಂಪಿ ಬಸ್ಸು ನಿಂತಿತ್ತು. ಹತ್ತಿದರೆ ಕಡ್ಡಿರಾಂಪುರದಲ್ಲಿ ಇಳಿಯಬೇಕಾಗುತ್ತದೆ ಎಂದು ಪಕ್ಕದ ಕಂಪ್ಲಿ ಬಸ್ಸು ಹತ್ತಿದೆ. ಕಂಪ್ಲಿಯಲ್ಲಿ ಇಳಿದು ಹೊಳೆಯ ಸೇತುವೆಯ ತನಕ ನಡೆದೆ. ಹಬ್ಬದ ದಿನ, ಜನ ಹೊಳೆಯಲ್ಲಿ ಮಿಂದು ಮರಳಿನ ಮೇಲೆ ಊಟಕ್ಕೆ ಕೂತಿದ್ದರು. ಒಬ್ಬಾಕೆ ನನ್ನನ್ನು ನೋಡಿ ಕರೆದಳು.

"ಯಾರ ಮನಿಗೆ ಬಂದೀರಿ?" ಎಂದು ಕೇಳಿದಳು.

ಹಂಪಿಯಲ್ಲಾಗಿದ್ದರೆ ಯಾವ ಊರು ಎಂದು ಕೇಳುತ್ತಿದ್ದರು, ನನ್ನ ಹತ್ತಿರ ಹತ್ತು ಉತ್ತರ ಇರುತ್ತಿದ್ದವು. ಇದಕ್ಕೆ ಒಂದೂ ಇರಲಿಲ್ಲ. ಸುಮ್ಮನೆ ನೋಡಲು ಬಂದೆ ಎಂದೆ. ಅವಳು ಪಾಪ ಅಂದುಕೊಂಡು ಒಂದು ಎಲೆಯಲ್ಲಿ ಎಳ್ಳು ಹೋಳಿಗೆ ಇಟ್ಟುಕೊಟ್ಟಳು. ನಿಂತೇ ತಿಂದೆ.

ನನಗೆ ಒಂದು ಅವಕಾಶ ಕೊಡು. ಯುಗಾದಿಯ ಮುಂಚೆ ಒಂದು ದಿನ ಬರುತ್ತೇನೆ. ಆ ಹನ್ನೆರಡು ಹೆಣ್ಣುಮಕ್ಕಳನ್ನೂ ಕರೆಸು. ಎಲ್ಲರೆದುರಿಗೆ, ಪಕೀರಮ್ಮನವರ ಎದುರಿಗೆ, ನಡೆದದ್ದನ್ನೆಲ್ಲ ನಾನೇ ಹೇಳಿ ಕ್ಷಮೆ ಕೇಳುತ್ತೇನೆ.

ಸುಕನ್ಯಾ


ಕಡ್ಡಿರಾಂಪುರ
16 ಫೆಬ್ರುವರಿ 2025

ಸುಕನ್ಯಾ ಅವರಿಗೆ,

ಪತ್ರ ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ. ನಿಜ ಬರೆದಿದ್ದೀರಿ, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು. ನಿಮ್ಮ ಮನೆಯಲ್ಲಿ ಚಾಪೆ ಹಾಸಿತ್ತು ಎಂದು ಓದಿದಾಗ ನನ್ನ ಹೊಟ್ಟೆ ಉರಿದದ್ದು ಇನ್ನೂ ಆರಿಲ್ಲ. ಮಾಡಿಯೇ ಇರಲಿಲ್ಲ ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆದರೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದಿದ್ದೀರಲ್ಲ, ಅದು ಆಗದು. ಯಾಕೆ ಎಂದು ಹೇಳುತ್ತೇನೆ. ಇದನ್ನು ನಿಮಗೆ ಹೇಳಲೇಬಾರದು ಎಂದುಕೊಂಡಿದ್ದೆ.

ಅವತ್ತು ಸಂಡೂರು ಬಿಟ್ಟ ಮೇಲೆ ಗಾಡಿಯಲ್ಲಿ ಪಿಟ್ ಎನ್ನಲಿಲ್ಲ ಯಾರೂ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಓಣಿಗೆ ಬಂದು ಇಳಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಓಣಿಯ ಇತರರೂ ಕಟ್ಟೆಯ ಮೇಲೆ ಕೂತಿದ್ದರು. ನಾನು ಆರು ತಿಂಗಳಿಂದ ನಮ್ಮಕ್ಕನ ಮನೆ, ನಮ್ಮಕ್ಕನ ಮನೆ ಎಂದು ಊರಿಗೆಲ್ಲ ಸಾರಿದ್ದೆನಲ್ಲ.

"ಏನು ಮಾಡಿದ್ಲವ್ವಾ ಊಟಕ್ಕ ನಿಮ್ಮಕ್ಕ?" ಎಂದರು ಅತ್ತೆ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಗ ನನ್ನ ಹಿಂದಿನಿಂದ ಹುಸೇನಮ್ಮ ಮಾತಾಡಿದಳು.

"ಶಾವಿಗಿ ಪಾಯಸ ಮಾಡಿದ್ರು ಯವ್ವ, ಬೆಲ್ಲ ಹಾಕಿ. ನಾ ಎರಡು ಸಲ ಹಾಕಿಸ್ಕೊಂಡೆ."

ನಾನು ತಿರುಗಿ ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಅವಳ ಹಿಂದೆ ಇನ್ನೊಬ್ಬಳು, ಅನ್ನ ಮಲ್ಲಿಗೆ ಹೂವಿನಷ್ಟು ಬೆಳ್ಳಗಿತ್ತು ಎಂದಳು. ಮತ್ತೊಬ್ಬಳು, ಹೋಳಿಗೆ ಗಂಟು ಬಿಚ್ಚಿ ಮೊದಲ ತುತ್ತು ಹಂಪಮ್ಮನ ಬಾಯಿಗೇ ಇಟ್ಟರು ಎಂದಳು. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದರು ಎಂದು ಒಬ್ಬಳು. ಹೊರಡುವಾಗ ಗೇಟಿನ ತನಕ ಬಂದು ಕಣ್ಣಲ್ಲಿ ನೀರು ಹಾಕಿದರು ಎಂದು ಇನ್ನೊಬ್ಬಳು. ಗಾಡಿಯಲ್ಲಿ ಒಬ್ಬರೂ ಮಾತಾಡಿಕೊಂಡಿರಲಿಲ್ಲ. ಹನ್ನೆರಡು ಮಂದಿಯೂ ನಿಂತ ನಿಲುವಿನಲ್ಲಿ ನಿಮ್ಮ ಮನೆ ಕಟ್ಟಿ, ನಿಮ್ಮ ಒಲೆ ಹಚ್ಚಿ, ನಿಮ್ಮ ಕೈಯಿಂದ ನನಗೆ ಬಡಿಸಿದರು. ಇವತ್ತಿನವರೆಗೂ ಒಬ್ಬಳ ಬಾಯಿಂದಲೂ ಬೇರೆ ಮಾತು ಬಂದಿಲ್ಲ. ನನ್ನ ಹತ್ತಿರವೂ ಆ ಮಾತು ಎತ್ತಿಲ್ಲ.

ಹನ್ನೆರಡು ಮಂದಿ ನನಗೋಸ್ಕರ ಸುಳ್ಳು ಹೇಳಿದರು. ನೀವು ನನಗೋಸ್ಕರ ಒಂದು ನಿಜ ಹೇಳಲಿಲ್ಲ.

ಈಗ ನೀವು ಬಂದು ನಡೆದದ್ದನ್ನು ಹೇಳಿದರೆ ನಿಮ್ಮ ಎದೆ ಹಗುರವಾಗುತ್ತದೆ. ಅವರೆಲ್ಲ ಸುಳ್ಳುಗಾರರಾಗುತ್ತಾರೆ. ನಾನು ಅತ್ತೆಯ ಮುಂದೆ, ಓಣಿಯ ಮುಂದೆ ಇನ್ನೊಮ್ಮೆ ಗೇಟಿನಲ್ಲಿ ನಿಂತ ಹಾಗಾಗುತ್ತದೆ. ಅದಕ್ಕೆ ನಾನು ಬಿಡುವುದಿಲ್ಲ.

ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಕ್ಷಮಿಸಿಲ್ಲ. ಆದರೆ ಬರಬೇಡಿ ಎನ್ನಲು ನನ್ನಿಂದ ಆಗುತ್ತಿಲ್ಲ. ಅತ್ತೆ ದಿನಕ್ಕೊಮ್ಮೆ ಕೇಳುತ್ತಾರೆ, ನಮ್ಮ ಹೆಣ್ಣುಮಕ್ಕಳಿಗೆ ಅಷ್ಟು ಮಾಡಿ ಕಳಿಸಿದಾಕಿ ಯಾಕೆ ಬರಲಿಲ್ಲ ಎಂದು. ನೀವು ಬರದೇ ಇದ್ದರೂ ಸುಳ್ಳು ಹೊರಗೆ ಬೀಳುತ್ತದೆ.

ಬನ್ನಿ. ಅತ್ತೆ ನಿಮ್ಮ ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. ಓಣಿಯವರು ಬಂದು ನಿಮ್ಮನ್ನು ಹೊಗಳುತ್ತಾರೆ, ಕೇಳಿಸಿಕೊಳ್ಳಿ. ತಲೆ ತಗ್ಗಿಸಬೇಡಿ, ಅಳಬೇಡಿ. ಹುಸೇನಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಪಾಯಸ ಹೇಗೆ ಮಾಡಿದೆ ಎಂದು ಅತ್ತೆ ಕೇಳಿಯೇ ಕೇಳುತ್ತಾರೆ. ಬೆಲ್ಲ ಹಾಕಿ ಮಾಡಿದ್ದು ಎಂದು ಹೇಳಿ.

ಹಂಪಮ್ಮ